ಗ್ಯಾರೇಜಿನಿಂದ ವಿನ್ಯಾಸ ಕೊಠಡಿಗೆ: ದಾರಿ ತೆರೆಯುವುದು ಹೈಸ್ಕೂಲಿನಲ್ಲಿ

ಕರ್ನಾಟಕದ ಯಾವ ಪಟ್ಟಣಕ್ಕೆ ಹೋದರೂ ಅಲ್ಲೊಂದು ಗ್ಯಾರೇಜು ಬೀದಿ ಇರುತ್ತದೆ. ಬಸ್ ನಿಲ್ದಾಣದ ಹಿಂಭಾಗದಲ್ಲೋ ಊರ ಹೊರಗಿನ ಹೆದ್ದಾರಿಯ ಬದಿಯಲ್ಲೋ ಸಾಲಾಗಿ ನಿಂತ ಲಾರಿ, ಜೀಪು, ಬೈಕುಗಳು. ಟಿಂಕರಿಂಗಿನ ಸುತ್ತಿಗೆಯ ಸದ್ದು. ಎಣ್ಣೆ ಕುಡಿದು ಕಪ್ಪಾದ ನೆಲ. ಅಂಗಡಿಗಳ ಫಲಕಗಳನ್ನು ಓದುತ್ತಾ ನಡೆದರೆ ಮುಸ್ಲಿಮ್ ಹೆಸರುಗಳು ಒಂದರ ಹಿಂದೊಂದರಂತೆ ಸಿಗುತ್ತವೆ. ಎಂಜಿನ್ ಕೆಲಸ, ವೈರಿಂಗ್, ರೇಡಿಯೇಟರ್ ದುರಸ್ತಿ, ಸೀಟಿನ ಹೊಲಿಗೆ, ಪೇಂಟಿಂಗ್, ಹಳೆಯ ಬಿಡಿಭಾಗಗಳ ಗುಜರಿ ವ್ಯಾಪಾರ ಇವೆಲ್ಲದರಲ್ಲೂ ನಮ್ಮ ಸಮುದಾಯದ ಕೈಗಳು ತಲೆಮಾರುಗಳಿಂದ ದುಡಿಯುತ್ತಿವೆ. ಈ ಕೈಗಳಿಲ್ಲದೆ ನಾಡಿನ ವಾಹನಗಳು ಒಂದು ದಿನವೂ ಸುಸೂತ್ರವಾಗಿ ಓಡಲಾರವು ಎಂದರೆ ಅತಿಶಯೋಕ್ತಿಯಾಗದು.

ಆದರೆ ಅದೇ ವಾಹನಗಳನ್ನು ರೂಪಿಸುವ ಕೊಠಡಿಗಳಲ್ಲಿ ನಾವು ಎಷ್ಟು ಮಂದಿ ಇದ್ದೇವೆ? ಎಂಜಿನ್ ಬಿಚ್ಚಿ ಜೋಡಿಸುವ ಯುವಕರು ನಮ್ಮಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದಾರೆ. ಆ ಎಂಜಿನ್ನಿನ ನಕ್ಷೆ ಬರೆಯುವವರು, ಅದರ ಬ್ರೇಕನ್ನು ಪರೀಕ್ಷಿಸಿ ಸಹಿ ಹಾಕುವವರು, ಕಾರ್ಖಾನೆಯ ಉತ್ಪಾದನಾ ಸಾಲನ್ನು ಯೋಜಿಸುವವರು ಎಷ್ಟು? 2005ರಲ್ಲಿ ಕೇಂದ್ರ ಸರಕಾರ ನೇಮಿಸಿದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು 2006ರ ನವೆಂಬರ್‌ನಲ್ಲಿ ನೀಡಿದ ವರದಿಯಲ್ಲಿ ಈ ಎರಡೂ ಮುಖಗಳು ಕಾಣಿಸುತ್ತವೆ. ಮುಸ್ಲಿಮ್ ದುಡಿಮೆಗಾರರು ಹೆಚ್ಚಿನ ಪ್ರಮಾಣದಲ್ಲಿರುವ ವೃತ್ತಿಗಳಲ್ಲಿ ವಾಹನ ದುರಸ್ತಿಯೂ ಒಂದು ಎಂದು ಸಮಿತಿ ಗುರುತಿಸಿತು. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಹಂತದ 25 ವಿದ್ಯಾರ್ಥಿಗಳಲ್ಲಿ ಒಬ್ಬ, ಸ್ನಾತಕೋತ್ತರ ಹಂತದ 50 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದೂ ಅದೇ ವರದಿ ಹೇಳಿತು. ಕೈಯಲ್ಲಿ ಕಸುಬಿದೆ, ಕಸುಬಿನ ಹಿಂದಿರುವ ವಿದ್ಯೆ ಇಲ್ಲ. ನಮ್ಮ ಇಂದಿನ ಸ್ಥಿತಿಯ ಸಾರಾಂಶ ಇಷ್ಟೇ.

ಗ್ಯಾರೇಜಿನ ಕೆಲಸ ಕೀಳೆಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಸ್ವಂತ ಕೈಯ ದುಡಿಮೆಯಿಂದ ಉಣ್ಣುವುದಕ್ಕಿಂತ ಉತ್ತಮ ಆಹಾರವಿಲ್ಲವೆಂದು ಕಲಿತ ಸಮುದಾಯಕ್ಕೆ ಯಾವ ಹಲಾಲ್ ಕಸುಬೂ ಕೀಳಾಗಲಾರದು. ಪ್ರಶ್ನೆ ಇರುವುದು ಆ ಕಸುಬಿನ ಭವಿಷ್ಯದ ಬಗ್ಗೆ.

ವಾಹನದ ತಂತ್ರಜ್ಞಾನ ಹೇಗೆ ಬದಲಾಗಿದೆ ನೋಡಿ. ಅಂಬಾಸಿಡರ್ ಕಾರಿನ ಕಾಲದಲ್ಲಿ ಒಬ್ಬ ಜಾಣ ಮೇಸ್ತ್ರಿ ಕಿವಿಗೊಟ್ಟು ಎಂಜಿನ್ನಿನ ದೋಷ ಹೇಳಬಲ್ಲವನಾಗಿದ್ದ. 1983ರ ಕೊನೆಯಲ್ಲಿ ಮಾರುತಿ 800 ಬಂದಾಗ ನಮ್ಮ ಮೇಸ್ತ್ರಿಗಳು ಅದನ್ನೂ ಕಲಿತರು. ಮುಂದೆ ಕಾರ್ಬುರೇಟರಿನ ಜಾಗಕ್ಕೆ ಎಲೆಕ್ಟ್ರಾನಿಕ್ ಇಂಧನ ಇಂಜೆಕ್ಷನ್ ಬಂದಾಗ ಕೆಲವರು ಕಲಿತರು, ಕೆಲವರು ಹಿಂದುಳಿದರು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾದ ಮೇಲೆ ಸಾಮಾನ್ಯ ಬೈಕಿನಲ್ಲೂ ಸಂವೇದಕಗಳು ಮತ್ತು ಸಣ್ಣ ಕಂಪ್ಯೂಟರ್ ಕುಳಿತಿವೆ. ದೋಷ ಪತ್ತೆಗೆ ಸ್ಕ್ಯಾನರ್ ಬೇಕು. ಸ್ಕ್ಯಾನರ್ ತೋರಿಸುವ ಸಂಕೇತದ ಅರ್ಥ ತಿಳಿಯಲು ಓದು ಬೇಕು. ಈಗ ವಿದ್ಯುತ್ ವಾಹನಗಳು ಬಂದಿವೆ. ಅವುಗಳಲ್ಲಿ ಎಂಜಿನ್ ಆಯಿಲ್ ಬದಲಿಸುವ ಕೆಲಸವಿಲ್ಲ. ಸ್ಪಾರ್ಕ್ ಪ್ಲಗ್ಗಿಲ್ಲ, ಸೈಲೆನ್ಸರ್ ಇಲ್ಲ, ಹೆಚ್ಚಿನವುಗಳಲ್ಲಿ ಕ್ಲಚ್ಚೂ ಇಲ್ಲ. ಪಟ್ಟಣದ ಸಣ್ಣ ಗ್ಯಾರೇಜಿನ ದೈನಂದಿನ ಆದಾಯ ನಿಂತಿರುವುದು ಇವೇ ಕೆಲಸಗಳ ಮೇಲೆ. ಪೆಟ್ರೋಲ್, ಡೀಸೆಲ್ ವಾಹನಗಳು ನಾಳೆಯೇ ಮಾಯವಾಗುವುದಿಲ್ಲ. ಆದರೆ ಇಂದು ಎಂಟನೇ ತರಗತಿಯಲ್ಲಿರುವ ಹುಡುಗ ಸ್ವಂತ ಕಾಲ ಮೇಲೆ ನಿಲ್ಲುವ ಹೊತ್ತಿಗೆ ಈ ಬೀದಿ ಈಗಿನಂತೆಯೇ ಇರುತ್ತದೆಂದು ಯಾರೂ ಭರವಸೆ ಕೊಡಲಾರರು.

ಇನ್ನೊಂದೆಡೆ, ಈ ಬದಲಾವಣೆಯ ಕೇಂದ್ರಗಳಲ್ಲೊಂದು ನಮ್ಮ ರಾಜ್ಯವೇ ಆಗಿದೆ. 1951ರಲ್ಲಿ ಆರಂಭವಾದ, ಬೆಂಗಳೂರಿನಲ್ಲಿ ನೆಲೆಯೂರಿದ ಮೈಕೋ ಕಂಪೆನಿಯೇ ಇಂದಿನ ಬಾಷ್. ಬಿಡದಿಯಲ್ಲಿ ಟೊಯೋಟಾ, ಹೊಸಕೋಟೆಯಲ್ಲಿ ವೋಲ್ವೋ, ನರಸಾಪುರದಲ್ಲಿ ಹೋಂಡಾ, ಮೈಸೂರಿನಲ್ಲಿ ಟಿವಿಎಸ್, ಧಾರವಾಡದಲ್ಲಿ ಟಾಟಾ ಕಾರ್ಖಾನೆಗಳಿವೆ. ಮರ್ಸಿಡಿಸ್-ಬೆಂಝ್ ಕಂಪೆನಿ 1996ರಿಂದ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ನಡೆಸುತ್ತಿದೆ. ದೇಶದ ರಸ್ತೆಗಿಳಿದ ಮೊದಲ ವಿದ್ಯುತ್ ಕಾರುಗಳಲ್ಲಿ ಒಂದಾದ ರೇವಾ 2001ರಲ್ಲಿ ಬೆಂಗಳೂರಿನಿಂದಲೇ ಹೊರಟಿತು. 2013ರಲ್ಲಿ ಐಐಟಿ ಮದ್ರಾಸಿನ ಇಬ್ಬರು ಯುವಕರು, ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್, ಕಟ್ಟಿದ ಏಥರ್ ಕಂಪೆನಿಯ ನೆಲೆಯೂ ಬೆಂಗಳೂರು. ವಿದ್ಯುತ್ ವಾಹನಗಳಿಗಾಗಿ 2017ರಲ್ಲಿ ಪ್ರತ್ಯೇಕ ನೀತಿ ಪ್ರಕಟಿಸಿದ ಮೊದಲ ರಾಜ್ಯವೂ ಕರ್ನಾಟಕವೇ. ಇಷ್ಟೆಲ್ಲ ನಮ್ಮ ಮನೆಯಂಗಳದಲ್ಲೇ ನಡೆಯುತ್ತಿದೆ. ಆ ಅಂಗಳಕ್ಕೆ ಕಾಲಿಡಲು ಬೇಕಾದ ಸಿದ್ಧತೆ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಮಾತ್ರ ನಾವು ತಡವಾಗಿ ಯೋಚಿಸುತ್ತೇವೆ.

ಸಾಮಾನ್ಯವಾಗಿ ನಮ್ಮ ಮನೆಗಳಲ್ಲಿ ಮಗನ ಓದಿನ ಚರ್ಚೆ ಎಸೆಸೆಲ್ಸಿ ಫಲಿತಾಂಶ ಬಂದ ದಿನ ಆರಂಭವಾಗುತ್ತದೆ. ನೆಂಟರ ಪೈಕಿ ಯಾರೋ ಒಬ್ಬರು ಹೇಳಿದ ಕೋರ್ಸು, ಗೆಳೆಯ ಸೇರಿದ ಕಾಲೇಜು, ಹತ್ತಿರವಿರುವ ಕಟ್ಟಡ - ಇವುಗಳ ಆಧಾರದಲ್ಲಿ ಒಂದು ವಾರದೊಳಗೆ ಬದುಕಿನ ತೀರ್ಮಾನವಾಗಿಬಿಡುತ್ತದೆ. ಎಂಜಿನಿಯರಿಂಗ್‌ನ ಮಟ್ಟಿಗೆ ಇದು ಮೂರು ವರ್ಷ ತಡವಾದ ಚರ್ಚೆ. ಗಣಿತ ಎಂಬುದು ಮೆಟ್ಟಿಲುಗಳ ವಿದ್ಯೆ. ಎಂಟನೇ ತರಗತಿಯ ಬೀಜಗಣಿತ ಗಟ್ಟಿಯಾಗದೆ ಹತ್ತನೆಯ ತರಗತಿಯ ವರ್ಗ ಸಮೀಕರಣ ಬಾರದು. ಹತ್ತನೆಯ ತ್ರಿಕೋನಮಿತಿ ಬಾರದೆ ಪಿಯುಸಿಯ ಕಲನಶಾಸ್ತ್ರ ಅರ್ಥವಾಗದು. ಅದು ಬಾರದವನು ಎಂಜಿನಿಯರಿಂಗ್ ಸೀಟು ಪಡೆದರೂ ಮೊದಲ ವರ್ಷದಲ್ಲೇ ಗಣಿತದ ಪೇಪರನ್ನು ಬಾಕಿ ಉಳಿಸಿಕೊಳ್ಳುತ್ತಾನೆ. ಸೀಟು ಸಿಕ್ಕಿಯೂ ಪದವಿ ಸಿಗದೆ ಮರಳಿದ ಹುಡುಗರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಅವರಲ್ಲಿ ಅನೇಕರ ಸೋಲು ನಿರ್ಧಾರವಾದದ್ದು ಹೈಸ್ಕೂಲಿನಲ್ಲಿ. ಕಾಲೇಜು ಅದನ್ನು ಬಹಿರಂಗಪಡಿಸಿತು ಅಷ್ಟೇ.

ವಿಷಾದದ ಸಂಗತಿಯೆಂದರೆ, ಗ್ಯಾರೇಜಿನ ವಾತಾವರಣದಲ್ಲಿ ಬೆಳೆದ ಮಗುವಿಗೆ ಈ ಪಾಠಗಳು ಬೇರೆಯವರಿಗಿಂತ ಸುಲಭವಾಗಬೇಕಿತ್ತು. ಅವನು ಎಂಜಿನ್ನಿನ ಟೈಮಿಂಗ್ ಗುರುತು ಹೊಂದಿಸುವುದನ್ನು ನೋಡಿರುತ್ತಾನೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಆದ್ದರಿಂದಲೇ ಒಂದರ ಗಾಲಿಗೆ ಇನ್ನೊಂದರ ಎರಡರಷ್ಟು ಹಲ್ಲುಗಳಿರುತ್ತವೆ. ಶಾಲೆಯ ಅನುಪಾತದ ಪಾಠ ಇದೇ. ಬಿಗಿಯಾದ ನಟ್ಟು ಬಿಚ್ಚದಿದ್ದಾಗ ಉಸ್ತಾದ್ ಸ್ಪ್ಯಾನರಿಗೆ ಒಂದು ಪೈಪು ಸಿಕ್ಕಿಸಿ ಉದ್ದ ಮಾಡುತ್ತಾನೆ. ಹಿಡಿಕೆ ಎರಡರಷ್ಟು ಉದ್ದವಾದರೆ ಅದೇ ಬಲಕ್ಕೆ ತಿರುಗಿಸುವ ಸಾಮರ್ಥ್ಯ ಎರಡು ಪಟ್ಟಾಗುತ್ತದೆ. ಭೌತಶಾಸ್ತ್ರ ಅದನ್ನೇ ಬಲದ ಭ್ರಮಣೆ ಎನ್ನುತ್ತದೆ. 12 ವೋಲ್ಟ್ ಬ್ಯಾಟರಿಯಿಂದ ಉರಿಯುವ 60 ವಾಟ್ ಹೆಡ್‌ಲೈಟ್ ಬಲ್ಬು 5 ಆಂಪಿಯರ್ ಪ್ರವಾಹ ಎಳೆಯುತ್ತದೆ. ಎಷ್ಟು ಆಂಪಿಯರಿನ ಫ್ಯೂಸ್ ಹಾಕಬೇಕೆಂಬ ತೀರ್ಮಾನ ಆ ಲೆಕ್ಕದಿಂದ ಬರುತ್ತದೆ. 48 ವೋಲ್ಟ್, 60 ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿ 2,880 ವಾಟ್-ಅವರ್ ಶಕ್ತಿಯಿದೆ, ಅಂದರೆ ಮನೆಯ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಮೂರು ಯೂನಿಟ್‌ಗೆ ತುಸು ಕಡಿಮೆ. ವಾಹನದ ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದು ನಿಲ್ಲಿಸಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಚಲನಶಕ್ತಿಯ ಸೂತ್ರದಲ್ಲಿ ವೇಗಕ್ಕೆ ವರ್ಗ ಇರುವುದೇ ಅದಕ್ಕೆ ಕಾರಣ. ಒಂಬತ್ತನೆಯ ತರಗತಿಯ ಹುಡುಗ ಈ ಸೂತ್ರವನ್ನು ಬಾಯಿಪಾಠ ಮಾಡುತ್ತಾನೆ, ಸಂಜೆ ಅಂಗಡಿಯಲ್ಲಿ ಬ್ರೇಕ್ ಶೂ ಬದಲಿಸುತ್ತಾನೆ. ಎರಡೂ ಒಂದೇ ಎಂದು ಅವನಿಗೆ ಹೇಳುವವರಿಲ್ಲ. ಶಾಲೆಯ ಮೇಷ್ಟ್ರಿಗೆ ಗ್ಯಾರೇಜು ತಿಳಿಯದು, ಗ್ಯಾರೇಜಿನ ಉಸ್ತಾದನಿಗೆ ಪಠ್ಯ ತಿಳಿಯದು. ಈ ಇಬ್ಬರ ನಡುವೆ ಸೇತುವೆ ಕಟ್ಟಿದರೆ ನಮ್ಮ ಮಕ್ಕಳ ಅರ್ಧ ಕಷ್ಟ ನೀಗುತ್ತದೆ.

ಹಾಗಾದರೆ ಹೈಸ್ಕೂಲಿನ ಮೂರು ವರ್ಷಗಳಲ್ಲಿ ಏನು ಮಾಡಬೇಕು?

ಮೊದಲನೆಯದು, ಗಣಿತವನ್ನು ದಿನಚರಿಯಾಗಿಸುವುದು. ದಿನಕ್ಕೆ ಒಂದು ಗಂಟೆ, ನೋಡದೆ ಬಿಡಿಸುವ ಲೆಕ್ಕಗಳು. ಪರೀಕ್ಷೆಗೆ ಹದಿನೈದು ದಿನವಿರುವಾಗ ಹಿಡಿಯುವ ಟ್ಯೂಷನ್ ಅಂಕ ಕೊಡಬಹುದು, ಅಡಿಪಾಯ ಹಾಕಲಾರದು. ಎರಡನೆಯದು, ಭಾಷೆ. ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದುತ್ತಾರೆ. ವಿಜ್ಞಾನದ ಪರಿಕಲ್ಪನೆ ಯಾವ ಭಾಷೆಯಲ್ಲಿ ಅರ್ಥವಾದರೂ ಅರ್ಥವಾದದ್ದೇ. ಆದರೆ ಪಿಯುಸಿ ವಿಜ್ಞಾನದ ಕೊಠಡಿಯಲ್ಲಿ ಪದಗಳು ಒಮ್ಮೆಲೇ ಇಂಗ್ಲಿಷಿಗೆ ಬದಲಾದಾಗ ಜಾಣ ಹುಡುಗರೂ ಕಂಗೆಡುತ್ತಾರೆ. ಒಂಬತ್ತನೆಯ ತರಗತಿಯಿಂದಲೇ ಗಣಿತ, ವಿಜ್ಞಾನಗಳ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಈ ಆಘಾತ ತಪ್ಪುತ್ತದೆ. ಮೂರನೆಯದು, ಚಿತ್ರ ಬರೆಯುವ ಅಭ್ಯಾಸ. ಒಂದು ನಟ್ಟನ್ನು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ನೋಡಿ ಅಳತೆ ಸಹಿತ ಬರೆಯಲು ಬರುವ ಹುಡುಗನಿಗೆ ಎಂಜಿನಿಯರಿಂಗ್ ಡ್ರಾಯಿಂಗ್ ಹೆದರಿಸುವುದಿಲ್ಲ. ನಾಲ್ಕನೆಯದು, ಕಂಪ್ಯೂಟರಿನ ಒಂದು ಸರಳ ಭಾಷೆಯನ್ನು ಕಲಿಯುವುದು. ಇಂದಿನ ವಾಹನದ ಬೆಲೆಯ ದೊಡ್ಡ ಭಾಗ ತಂತಿ, ಸಂವೇದಕ ಮತ್ತು ಸಾಫ್ಟ್‌ವೇರಿನಲ್ಲಿದೆ. ಶಾಲೆಯಲ್ಲಿ ಕಂಪ್ಯೂಟರ್ ಕೊಠಡಿಗೆ ಬೀಗ ಬಿದ್ದಿದ್ದರೆ ಅದನ್ನು ತೆರೆಸುವುದು ಪೋಷಕರ ಸಭೆಯ ಮೊದಲ ಬೇಡಿಕೆಯಾಗಬೇಕು.

ಅಂಗಡಿಯಲ್ಲಿ ತಂದೆಗೆ ನೆರವಾಗುವ ಮಕ್ಕಳ ಬಗ್ಗೆ ಇಲ್ಲೊಂದು ಮಾತು. ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದು ಅಪರಾಧ ಎಂದು 2016ರಲ್ಲಿ ತಿದ್ದುಪಡಿಯಾದ ಕಾನೂನು ಹೇಳುತ್ತದೆ. ಶಾಲೆಯ ಅವಧಿಯ ಹೊರಗೆ, ಅಪಾಯಕಾರಿಯಲ್ಲದ ಕೆಲಸದಲ್ಲಿ ಸ್ವಂತ ಕುಟುಂಬಕ್ಕೆ ನೆರವಾಗುವುದಕ್ಕೆ ಮಾತ್ರ ಅವಕಾಶವಿದೆ. ಕಾನೂನು ಇರಲಿ, ವಿವೇಕವೂ ಅದನ್ನೇ ಹೇಳುತ್ತದೆ. ರಜೆಯಲ್ಲಿ ಅಂಗಡಿಗೆ ಬಂದು ನೋಡಿ ಕಲಿಯುವ ಹುಡುಗನಿಗೆ ಅದು ಪ್ರಯೋಗಶಾಲೆ. ಶಾಲೆ ತಪ್ಪಿಸಿ ದಿನಗೂಲಿಗೆ ನಿಲ್ಲುವ ಹುಡುಗನಿಗೆ ಅದೇ ಅಂಗಡಿ ಬಂದೀಖಾನೆ. ಕೈಗೆ ಬರುವ ಮೊದಲ ಕೂಲಿಯ ರುಚಿ ಪುಸ್ತಕದ ರುಚಿಯನ್ನು ಕೊಲ್ಲುತ್ತದೆ.

ಎಸೆಸೆಲ್ಸಿಯ ನಂತರ ದಾರಿಗಳು ಒಂದಕ್ಕಿಂತ ಹೆಚ್ಚಿವೆ ಎಂಬುದನ್ನು ಪೋಷಕರು ತಿಳಿದಿರಬೇಕು. ನೇರ ದಾರಿ ಪಿಯುಸಿ ವಿಜ್ಞಾನ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರೂ ಇರಲೇಬೇಕು. ನಾಲ್ಕನೆಯದಾಗಿ ಕಂಪ್ಯೂಟರ್ ವಿಜ್ಞಾನ ಅಥವಾ ಎಲೆಕ್ಟ್ರಾನಿಕ್ಸ್ ಆರಿಸಿಕೊಂಡರೆ ಒಳ್ಳೆಯದು. ಸಿಇಟಿಯಲ್ಲಿ ಈ ಮೂರು ವಿಷಯಗಳಿಗೆ ತಲಾ 60ರಂತೆ ಪ್ರಶ್ನೆಗಳಿರುತ್ತವೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಎಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿಯ ಅಂಕ ಅರ್ಧ, ದ್ವಿತೀಯ ಪಿಯುಸಿಯ ಅಂಕ ಅರ್ಧ. ಆದ್ದರಿಂದ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಿ ಕೋಚಿಂಗ್‌ಗೆ ಮಾತ್ರ ಹಣ ಸುರಿಯುವುದು ಜಾಣತನವಲ್ಲ. ಐಐಟಿ, ಎನ್‌ಐಟಿಗಳಿಗೆ ಜೆಇಇ ಇದೆ. ಅದರ ಸಿದ್ಧತೆಗೆ ಹೈಸ್ಕೂಲಿನ ಗಣಿತವೇ ನೆಲಗಟ್ಟು.

ಎರಡನೆಯದು ಪಾಲಿಟೆಕ್ನಿಕ್. ಎಸೆಸೆಲ್ಸಿಯ ನಂತರ ಮೂರು ವರ್ಷದ ಡಿಪ್ಲೊಮಾ. ಅದಾದ ಮೇಲೆ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಮನೆಯ ಆರ್ಥಿಕ ಸ್ಥಿತಿ ಬಿಗಿಯಾಗಿರುವವರಿಗೆ ಇದು ಬಹಳ ಯೋಗ್ಯವಾದ ದಾರಿ, ಏಕೆಂದರೆ ಮಧ್ಯದಲ್ಲಿ ಓದು ನಿಂತರೂ ಕೈಯಲ್ಲಿ ಬೆಲೆಯುಳ್ಳ ಪ್ರಮಾಣಪತ್ರ ಇರುತ್ತದೆ. ಮೂರನೆಯದು ಐಟಿಐ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಅವಕಾಶವಿದೆ. ಅಂದರೆ ಐಟಿಐಯಿಂದ ಡಿಪ್ಲೊಮಾಕ್ಕೆ, ಡಿಪ್ಲೊಮಾದಿಂದ ಬಿಇಗೆ ಏಣಿ ಇದೆ, ಹತ್ತುವವರು ಬೇಕು. ಇವಲ್ಲದೆ 1972ರಿಂದ ನಡೆಯುತ್ತಿರುವ ಜಿಟಿಟಿಸಿ ಎಂಬ ಸರಕಾರಿ ತರಬೇತಿ ಕೇಂದ್ರಗಳು ಎಸೆಸೆಲ್ಸಿ ಪಾಸಾದವರಿಗೆ ಟೂಲ್ ಮತ್ತು ಡೈ ತಯಾರಿಕೆಯ ಡಿಪ್ಲೊಮಾ ಕೊಡುತ್ತವೆ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯು ಬಡ ಗ್ರಾಮೀಣ ವಿದ್ಯಾರ್ಥಿಗಳನ್ನು ಎಸೆಸೆಲ್ಸಿಯ ನಂತರ ಆರಿಸಿ ವಸತಿ ಸಹಿತ ತರಬೇತಿ ನೀಡುತ್ತದೆ. ಇಂತಹ ಕಡೆಗಳಿಗೆ ನಮ್ಮ ಊರುಗಳಿಂದ ಎಷ್ಟು ಅರ್ಜಿಗಳು ಹೋಗುತ್ತವೆ ಎಂದು ಪ್ರತಿ ಜಮಾಅತ್ ತನ್ನನ್ನೇ ಕೇಳಿಕೊಳ್ಳಲಿ.

ಯಾವ ಶಾಖೆ ಎಂಬ ಪ್ರಶ್ನೆಗೂ ಉತ್ತರ ಬೇಕು. ವಾಹನ ಕ್ಷೇತ್ರಕ್ಕೆ ಹೋಗಬೇಕಾದರೆ ಆಟೊಮೊಬೈಲ್ ಎಂಜಿನಿಯರಿಂಗ್ ಒಂದೇ ಬಾಗಿಲು ಎಂದು ಅನೇಕರು ಭಾವಿಸಿದ್ದಾರೆ. ಮೆಕ್ಯಾನಿಕಲ್ ಓದಿದವನಿಗೆ ವಾಹನ ಕಂಪೆನಿಗಳೂ ತೆರೆದಿರುತ್ತವೆ, ಇತರ ಕಾರ್ಖಾನೆಗಳೂ ತೆರೆದಿರುತ್ತವೆ. ವಿದ್ಯುತ್ ವಾಹನಗಳ ಈ ಕಾಲದಲ್ಲಿ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಓದಿದವರಿಗೂ ಮೋಟಾರು, ಬ್ಯಾಟರಿ ನಿರ್ವಹಣೆ, ಚಾರ್ಜರ್ ವಿನ್ಯಾಸಗಳಲ್ಲಿ ಕೆಲಸವಿದೆ. ವಾಹನದ ಸಾಫ್ಟ್‌ವೇರ್ ಬರೆಯಲು ಕಂಪ್ಯೂಟರ್ ಓದಿದವರು ಬೇಕು. ಕಾಲೇಜು ಸೇರಿದ ಮೇಲೆ ವಿದ್ಯಾರ್ಥಿಗಳೇ ವಾಹನ ಕಟ್ಟಿ ಸ್ಪರ್ಧಿಸುವ ಬಾಹಾ ಮತ್ತು ಫಾರ್ಮುಲಾ ಭಾರತ್‌ನಂತಹ ಸ್ಪರ್ಧೆಗಳಿವೆ. ಕಾಲೇಜಿನ ತಂಡದಲ್ಲಿ ವೆಲ್ಡಿಂಗ್ ಬಲ್ಲ, ಗೇರ್‌ಬಾಕ್ಸ್ ಬಿಚ್ಚಬಲ್ಲ ಹುಡುಗನೊಬ್ಬನಿದ್ದರೆ ಅವನೇ ತಂಡದ ಆಸ್ತಿ. ಗ್ಯಾರೇಜಿನ ಮಗನಿಗೆ ಅಲ್ಲಿ ಯಾರ ಮುಂದೆಯೂ ಕೀಳರಿಮೆ ಬೇಕಿಲ್ಲ.

"ಎಂಜಿನಿಯರುಗಳೇ ನಿರುದ್ಯೋಗಿಗಳಾಗಿದ್ದಾರೆ, ಓದಿ ಏನು ಪ್ರಯೋಜನ?" ಎಂಬ ಮಾತು ಪ್ರತಿ ಮಸೀದಿಯ ಅಂಗಳದಲ್ಲೂ ಕೇಳಿಬರುತ್ತದೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮೆಕ್ಯಾನಿಕಲ್ ಶಾಖೆಯಲ್ಲಿ ಆರಂಭದ ಸಂಬಳ ಕಡಿಮೆ. ಎಲ್ಲರೂ ಕಂಪ್ಯೂಟರ್ ಸೀಟಿನ ಹಿಂದೆ ಓಡುತ್ತಿರುವುದರಿಂದ ರಾಜ್ಯದಲ್ಲಿ ಈ ಶಾಖೆಯ ಸೀಟುಗಳು ಖಾಲಿ ಉಳಿದ ವರ್ಷಗಳೂ ಇವೆ. ವಾಹನೋದ್ಯಮದಲ್ಲಿ ಏರಿಳಿತವಿದೆ: 2017ರಲ್ಲಿ ಜನರಲ್ ಮೋಟಾರ್ಸ್ ಭಾರತದಲ್ಲಿ ಕಾರು ಮಾರಾಟ ನಿಲ್ಲಿಸಿತು, 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಘೋಷಿಸಿತು. ಆದರೆ ಉದ್ಯೋಗ ಸಿಗದ ಎಂಜಿನಿಯರುಗಳಲ್ಲಿ ಹೆಚ್ಚಿನವರು ಪದವಿಯ ಕಾಗದ ಪಡೆದವರೇ ಹೊರತು ವಿದ್ಯೆ ಪಡೆದವರಲ್ಲ ಎಂಬುದನ್ನು ಉದ್ಯಮದವರು ಮತ್ತೆ ಮತ್ತೆ ಹೇಳುತ್ತಾರೆ. ಖಾಲಿ ಸೀಟು ಎಂದರೆ ಸ್ಪರ್ಧೆ ಕಡಿಮೆ ಎಂದೂ ಅರ್ಥ. ನಿಜವಾಗಿ ಆಸಕ್ತಿಯುಳ್ಳ ವಿದ್ಯಾರ್ಥಿಗೆ ಒಳ್ಳೆಯ ಕಾಲೇಜಿನಲ್ಲಿ ಜಾಗ ಸಿಗುವ ಕಾಲ ಇದು. ಆಸಕ್ತಿಯಿಲ್ಲದವನನ್ನು ಮಾತ್ರ ಬಲವಂತವಾಗಿ ತಳ್ಳಬಾರದು. ವಾಣಿಜ್ಯವನ್ನೋ ಕಾನೂನನ್ನೋ ಪ್ರೀತಿಸುವ ಮಗುವನ್ನು ಎಂಜಿನಿಯರ್ ಮಾಡಹೊರಡುವುದು ಅವನಿಗೂ ಅನ್ಯಾಯ, ಆ ಸೀಟಿಗೂ ಅನ್ಯಾಯ.

ಇನ್ನು ಹಕ್ಕುಗಳ ವಿಚಾರ. ಕರ್ನಾಟಕದಲ್ಲಿ ಪ್ರವರ್ಗ 2ಬಿ ಅಡಿಯಲ್ಲಿ ಮುಸ್ಲಿಮರಿಗೆ 4 ಶೇಕಡಾ ಮೀಸಲಾತಿ ಇದೆ. 2023ರ ಮಾರ್ಚ್‌ನಲ್ಲಿ, ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ, ಆಗಿನ ಬಸವರಾಜ ಬೊಮ್ಮಾಯಿ ಸರಕಾರ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ವಿಷಯ ಸುಪ್ರೀಮ್ ಕೋರ್ಟಿಗೆ ಹೋಯಿತು. ಹೊಸ ತೀರ್ಮಾನವನ್ನು ಸದ್ಯ ಜಾರಿಗೊಳಿಸುವುದಿಲ್ಲವೆಂದು ಸರಕಾರ ಅಲ್ಲಿ ಹೇಳಬೇಕಾಯಿತು, ಹಳೆಯ ವ್ಯವಸ್ಥೆಯೇ ಮುಂದುವರಿಯಿತು. 2022ರಲ್ಲಿ ಕೇಂದ್ರ ಸರಕಾರವು ಒಂದರಿಂದ ಎಂಟನೇ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳ ಪ್ರೀ-ಮೆಟ್ರಿಕ್ ವಿದ್ಯಾರ್ಥಿವೇತನವನ್ನು ನಿಲ್ಲಿಸಿತು. ಅದೇ ವರ್ಷ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ಕೂಡ ನಿಂತಿತು. ಸಾಚಾರ್ ವರದಿ ಹಿಡಿದ ಕನ್ನಡಿಯಲ್ಲಿ ಮುಖ ನೋಡಿದ ದೇಶವು ಬಡ ಮಕ್ಕಳ ಪುಸ್ತಕದ ಹಣದಲ್ಲಿ ಉಳಿತಾಯ ಮಾಡಲು ಹೊರಟದ್ದು ನ್ಯಾಯವಲ್ಲ. ಇದನ್ನು ಪ್ರಜಾಸತ್ತಾತ್ಮಕವಾಗಿ ಪ್ರಶ್ನಿಸುತ್ತಲೇ ಇರಬೇಕು.

ಆದರೆ ಇರುವ ಹಕ್ಕನ್ನು ನಾವೆಷ್ಟು ಬಳಸಿಕೊಂಡಿದ್ದೇವೆ? ಸಿಇಟಿ ಅರ್ಜಿಯ ಹೊತ್ತಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಇಲ್ಲದೆ ಸಾಮಾನ್ಯ ವರ್ಗದಲ್ಲಿ ಸ್ಪರ್ಧಿಸುವ ಮುಸ್ಲಿಮ್ ಮಕ್ಕಳಿದ್ದಾರೆ. ಆಧಾರ್‌ನಲ್ಲಿ ಒಂದು ಹೆಸರು, ಶಾಲಾ ದಾಖಲೆಯಲ್ಲಿ ಇನ್ನೊಂದು ಹೆಸರು ಇರುವುದರಿಂದ ಪರಿಶೀಲನೆಯ ದಿನ ಪರದಾಡುವವರಿದ್ದಾರೆ. ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಶೇಕಡಾ, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ 15 ಶೇಕಡಾ ಒಳಮೀಸಲಾತಿ ಇರುವುದು ಅನೇಕರಿಗೆ ಗೊತ್ತೇ ಇಲ್ಲ. ಸಾಮಾನ್ಯ ವರ್ಗದವರಿಗೆ ಪಿಯುಸಿಯ ಮೂರು ವಿಷಯಗಳಲ್ಲಿ 45 ಶೇಕಡಾ ಅಂಕ ಬೇಕಿದ್ದರೆ 2ಬಿ ಸೇರಿದಂತೆ ಮೀಸಲು ವರ್ಗಗಳಿಗೆ 40 ಸಾಕು. ಈ ದಾಖಲೆಗಳೆಲ್ಲ ಒಂಬತ್ತನೇ ತರಗತಿಯಲ್ಲೇ ಸಿದ್ಧವಾಗಿ ಮನೆಯ ಕಪಾಟಿನಲ್ಲಿರಬೇಕು. ಹಕ್ಕಿಗಾಗಿ ಬೀದಿಗಿಳಿಯುವಷ್ಟೇ ಮುಖ್ಯ, ಹಕ್ಕಿನ ಕಾಗದವನ್ನು ಸಕಾಲದಲ್ಲಿ ಪಡೆಯುವುದು.

ಹಣದ ಪ್ರಶ್ನೆ ಕೊನೆಗೂ ಬಂದೇ ಬರುತ್ತದೆ. ಡಾ. ಎ.ಪಿ.ಜೆ. ಅಬ್ದುಲ್ ಕಲಾಮ್‌ರಿಗೆ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಪ್ರವೇಶ ದೊರೆತಾಗ ಶುಲ್ಕ ಕಟ್ಟಲು ಮನೆಯಲ್ಲಿ ಹಣವಿರಲಿಲ್ಲ. ಸೋದರಿ ಝೊಹ್ರಾ ತನ್ನ ಬಳೆ ಮತ್ತು ಸರವನ್ನು ಒತ್ತೆಯಿಟ್ಟು ಹಣ ಹೊಂದಿಸಿದರು. 1949ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಆರಂಭದ ವಿಭಾಗಗಳಲ್ಲಿ ವಿಮಾನದ ಜೊತೆಗೆ ಆಟೊಮೊಬೈಲ್ ಎಂಜಿನಿಯರಿಂಗ್ ಕೂಡ ಇತ್ತೆಂಬುದು ಇಲ್ಲಿ ಸ್ಮರಣೀಯ. ನಮ್ಮ ಮನೆಗಳಲ್ಲೂ ಚಿನ್ನ ಒತ್ತೆಗೆ ಹೋಗುತ್ತದೆ. ಹೆಚ್ಚಾಗಿ ಅದು ಹೋಗುವುದು ಮದುವೆಯ ಮಂಟಪಕ್ಕೆ, ವರದಕ್ಷಿಣೆಗೆ, ನೂರಾರು ಮಂದಿಯ ಬಿರಿಯಾನಿಗೆ. ಒಂದು ಮದುವೆಯ ರಾತ್ರಿ ಕರಗುವ ಹಣದಲ್ಲಿ ಒಬ್ಬ ಹುಡುಗನ ಸರಕಾರಿ ಕೋಟಾದ ಎಂಜಿನಿಯರಿಂಗ್ ಓದು ಮುಗಿಯುತ್ತದೆ ಎಂಬ ಲೆಕ್ಕವನ್ನು ಹಿರಿಯರು ಒಮ್ಮೆ ಕಾಗದದ ಮೇಲೆ ಹಾಕಿ ನೋಡಲಿ. ಬಡ್ಡಿಯ ಕಾರಣಕ್ಕೆ ಬ್ಯಾಂಕ್ ಸಾಲಕ್ಕೆ ಹಿಂಜರಿಯುವ ಕುಟುಂಬಗಳಿಗೆ ಪರ್ಯಾಯ ಒದಗಿಸುವುದು ಸಮುದಾಯದ ಹೊಣೆ. ಝಕಾತ್ ಮತ್ತು ಸದಕಾದ ಒಂದು ಪಾಲು ಅರ್ಹ ಬಡ ವಿದ್ಯಾರ್ಥಿಯ ನಾಲ್ಕು ವರ್ಷದ ಶುಲ್ಕಕ್ಕೆ ಮೀಸಲಾದರೆ ಅವನು ಮುಂದೆ ಝಕಾತ್ ಕೊಡುವವನಾಗುತ್ತಾನೆ.

ಹೆಣ್ಣು ಮಕ್ಕಳನ್ನು ಈ ಚರ್ಚೆಯ ಹೊರಗಿಡಲಾಗದು. ಎಸೆಸೆಲ್ಸಿಯಲ್ಲಿ ನಮ್ಮ ಹೆಣ್ಣು ಮಕ್ಕಳು ಹುಡುಗರಿಗಿಂತ ಮುಂದಿರುವುದನ್ನು ಪ್ರತಿವರ್ಷ ಕಾಣುತ್ತೇವೆ. ಆದರೂ ಎಂಜಿನಿಯರಿಂಗ್ ಎಂದೊಡನೆ "ಅದು ಗಂಡಸರ ಕೆಲಸ" ಎನ್ನುತ್ತೇವೆ. ವಾಹನ ಕ್ಷೇತ್ರ ಎಂದರೆ ಲಾರಿಯ ಅಡಿಯಲ್ಲಿ ಮಲಗುವುದೆಂಬ ಕಲ್ಪನೆ ಹಳೆಯದು. ಅಪಘಾತದಲ್ಲಿ ಪ್ರಯಾಣಿಕನ ಮೇಲೆ ಬೀಳುವ ಬಲವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವುದು, ಬ್ಯಾಟರಿಯ ಉಷ್ಣತೆಯನ್ನು ನಿಯಂತ್ರಿಸುವ ಪ್ರೋಗ್ರಾಮ್ ಬರೆಯುವುದು, ಗುಣಮಟ್ಟ ಪರೀಕ್ಷಿಸುವುದು ಈ ಕ್ಷೇತ್ರದ ಕೆಲಸಗಳೇ. ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಮಗಳಿಗೆ ಯಾವ ಓದು ಎಂಬುದನ್ನು ಅವಳ ಅಂಕಪಟ್ಟಿ ಮತ್ತು ಅವಳ ಆಸಕ್ತಿ ನಿರ್ಧರಿಸಲಿ.

ಸಮುದಾಯದ ಸಂಸ್ಥೆಗಳಿಗೂ ಇಲ್ಲಿ ಕರ್ತವ್ಯವಿದೆ. ಭಟ್ಕಳದ ಅಂಜುಮನ್, ಕಲಬುರಗಿಯ ಕೆಬಿಎನ್, ರಾಮನಗರದ ಘೌಸಿಯಾ, ಬೆಂಗಳೂರಿನ ಎಚ್‌ಕೆಬಿಕೆ, ಮಂಗಳೂರಿನ ಪಿ.ಎ. ಕಾಲೇಜುಗಳು ಹಿರಿಯರ ತ್ಯಾಗದಿಂದ ಎದ್ದು ನಿಂತವು. ಕಾಲೇಜು ಕಟ್ಟಿದ ಹಿರಿಯರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಆ ಕಾಲೇಜುಗಳಿಗೆ ಗಣಿತ ಬಲ್ಲ ಮಕ್ಕಳನ್ನು ಕಳಿಸುವ ಹೈಸ್ಕೂಲುಗಳನ್ನು ರೂಪಿಸುವುದು ಈ ತಲೆಮಾರಿನ ಕೆಲಸ. ರಾಮನಗರ ಮತ್ತು ಬಿಡದಿ ಒಂದೇ ಹೆದ್ದಾರಿಯ ಮೇಲಿವೆ: ಒಂದು ಕಡೆ ಸಮುದಾಯದ ಎಂಜಿನಿಯರಿಂಗ್ ಕಾಲೇಜು, ಇನ್ನೊಂದು ಕಡೆ ಜಗತ್ತಿನ ದೊಡ್ಡ ವಾಹನ ಕಂಪೆನಿಯ ಕಾರ್ಖಾನೆ. ಕಾಲೇಜಿನಿಂದ ಕಾರ್ಖಾನೆಗೆ ಇರುವ ಆ ಅಲ್ಪ ದೂರವನ್ನು ಬಸ್ಸು ಅರ್ಧ ಗಂಟೆಯಲ್ಲಿ ಕ್ರಮಿಸುತ್ತದೆ. ನಮ್ಮ ಮಕ್ಕಳು ಕ್ರಮಿಸಬೇಕಾದರೆ ಎಂಟನೇ ತರಗತಿಯಿಂದ ಹೊರಡಬೇಕು.

ಪ್ರತಿ ಮೊಹಲ್ಲಾದಲ್ಲಿ ಮೂರು ಕೆಲಸಗಳು ಈ ವರ್ಷವೇ ಆಗಬಹುದು. ಮದ್ರಸದ ಅಥವಾ ಜಮಾಅತ್ ಕಚೇರಿಯ ಒಂದು ಕೋಣೆಯಲ್ಲಿ ಸಂಜೆ ಎಂಟರಿಂದ ಹತ್ತನೇ ತರಗತಿಯವರಿಗೆ ಗಣಿತ ಮತ್ತು ವಿಜ್ಞಾನದ ಉಚಿತ ಪಾಠ. ಕಲಿಸಲು ಅದೇ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಊರಿನ ಗ್ಯಾರೇಜು ಮಾಲಕರ ಸಭೆ ಕರೆದು, ಹದಿನೆಂಟರೊಳಗಿನ ಯಾವ ಹುಡುಗನನ್ನೂ ಶಾಲೆ ಬಿಡಿಸಿ ಇಟ್ಟುಕೊಳ್ಳುವುದಿಲ್ಲ ಎಂಬ ಒಪ್ಪಂದ. ಎಸೆಸೆಲ್ಸಿಗೆ ಮುನ್ನವೇ ಪೋಷಕರನ್ನು ಕೂಡಿಸಿ, ಪಿಯುಸಿ, ಪಾಲಿಟೆಕ್ನಿಕ್, ಐಟಿಐ, ದಾಖಲೆಗಳು, ಮೀಸಲಾತಿ ಇವುಗಳ ಮಾಹಿತಿ ಶಿಬಿರ. ಇದಕ್ಕೆ ಕೋಟಿ ರೂಪಾಯಿಯ ಕಟ್ಟಡ ಬೇಡ, ರಾಜಕಾರಣಿಯ ಉದ್ಘಾಟನೆ ಬೇಡ.

ಗ್ಯಾರೇಜು ಬೀದಿಯ ತಂದೆಯಂದಿರಿಗೆ ಕಡೆಯದಾಗಿ ಒಂದು ವಿನಂತಿ. ನಿಮ್ಮ ಕೈಗಳು ಕಲಿತದ್ದು ಕಡಿಮೆಯೇನಲ್ಲ. ಎಷ್ಟೋ ಎಂಜಿನಿಯರುಗಳಿಗೆ ಆ ಅನುಭವವಿಲ್ಲ. ಆ ಅನುಭವದ ಮೇಲೆ ಓದನ್ನು ಇಟ್ಟು ಮಗನಿಗೂ ಮಗಳಿಗೂ ಕೊಡಿ. ಇಂದು ರಾತ್ರಿ ಅಂಗಡಿಯ ಬಾಗಿಲು ಹಾಕಿ ಮನೆಗೆ ಹೋದಾಗ ಅವರ ಗಣಿತದ ನೋಟುಬುಕ್ಕನ್ನು ಕೇಳಿ ನೋಡಿ. ಲೆಕ್ಕ ನಿಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ; ತಂದೆ ಕೇಳುತ್ತಾರೆ ಎಂಬುದು ಮಕ್ಕಳಿಗೆ ಅರ್ಥವಾದರೆ ಸಾಕು.